ಆನೆಯ ಎರಡು ಫ್ರೀ ಥ್ರೋ

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ, ಮೇ ತಿಂಗಳು ಬಂತೆಂದರೆ ಚೆನ್ನೈನ ಪುರಸೈವಾಕ್ಕಂನ ನಮ್ಮ ಮಹಡಿ ಮನೆಯಲ್ಲಿ ಬೆಳಗ್ಗೆ ಆರೂವರೆಗೇ ಜಗಳ ಶುರುವಾಗುತ್ತಿತ್ತು. ಆಸ್ತಿಗಲ್ಲ, ಬಾತ್‌ರೂಮಿಗೂ ಅಲ್ಲ. ಸಾವಿರಾರು ಮೈಲಿ ಆಚೆ ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಒಬ್ಬ ದೈತ್ಯನಿಗಾಗಿ. ಅಲ್ಲಿ ಸಂಜೆ ನಡೆಯುವ ಪ್ಲೇಆಫ್ ಪಂದ್ಯ ನಮ್ಮ ಕೇಬಲ್ ಟಿವಿಯಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಬರುತ್ತಿತ್ತು. ಅವನಿಗೆ ನಾವು ಇಟ್ಟುಕೊಂಡಿದ್ದ ಹೆಸರು ಆನೆ.

ನೋಡುವವರು ಮೂವರು: ನಾನು, ನನ್ನ ತಮ್ಮ, ಮಾಮ. ಮಾಮ ಅಂದರೆ ಅಮ್ಮನ ಅಣ್ಣ. ಮದುವೆಯಾಗದೆ ರೈಲ್ವೆ ಕೆಲಸದಿಂದ ರಿಟೈರ್ ಆಗಿ ನಮ್ಮ ಜೊತೆಗೇ ಇದ್ದರು. ಹರೆಯದಲ್ಲಿ ಆಫೀಸಿನ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಆಡಿದವರು. ನನಗೆ ಚೆಂಡು ಹಿಡಿಯಲು ಕಲಿಸಿದವರೂ ಅವರೇ. ಅಪ್ಪನಿಗೆ ಬ್ಯಾಂಕಿನ ಕೆಲಸ, ಆಗ ಮಧುರೈಗೆ ವರ್ಗವಾಗಿತ್ತು. ಅಮ್ಮನಿಗೆ ಈ ಆಟದಲ್ಲಿ ಒಂದಿಷ್ಟೂ ಆಸಕ್ತಿಯಿರಲಿಲ್ಲ.

ಆನೆ ರಿಂಗಿನ ಹತ್ತಿರ ನಿಂತನೆಂದರೆ ಅವನನ್ನು ತಡೆಯುವವರೇ ಇರಲಿಲ್ಲ. ಆದರೆ ಫ್ರೀ ಥ್ರೋ ಹಾಕಲು ಬರುತ್ತಿರಲಿಲ್ಲ. ಎದುರಾಳಿ ಫೌಲ್ ಮಾಡಿದಾಗ ಗೆರೆಯ ಮೇಲೆ ಒಬ್ಬನೇ ನಿಂತು, ಯಾರೂ ಅಡ್ಡ ಬಾರದೆ, ನಿಧಾನವಾಗಿ ಎಸೆಯುವ ಚೆಂಡು ಅದು. ಕಾಲೇಜು ಟೀಮಿನಲ್ಲಿ ಆಡುತ್ತಿದ್ದ ನಾನೇ ಹತ್ತರಲ್ಲಿ ಏಳು ಹಾಕುತ್ತಿದ್ದೆ. ಆನೆಯ ಕೈಯಿಂದ ಹೊರಟ ಚೆಂಡು ಕಬ್ಬಿಣಕ್ಕೆ ಢಣ್ ಅಂತ ಬಡಿದು ವಾಪಸ್ ಬರುತ್ತಿತ್ತು. ಅದು ಗೊತ್ತಿದ್ದೇ ಎದುರಾಳಿಗಳು ಬೇಕುಬೇಕೆಂದು ಅವನಿಗೆ ಫೌಲ್ ಮಾಡುತ್ತಿದ್ದರು.

“ಹದಿನೈದೇ ಅಡಿ. ಬಡ್ಸಿಟ್ಟ ಎಲೆ ಮುಂದೆ ಕೂತ್ಕೊಂಡು ಉಣ್ಣಕ್ಕೆ ಬರಲ್ಲ ಅಂದ್ರೆ ಅವನು ಎಂಥಾ ಸ್ಟಾರು?” ಎನ್ನುತ್ತಿದ್ದರು ಮಾಮ.

“ಉಳ್ದಿದ್ದೆಲ್ಲಾ ಹಾಕ್ತಾನಲ್ಲ ಮಾಮಾ. ಟೀಮನ್ನ ಇಲ್ಲೀವರ್ಗೂ ಎಳ್ಕೊಂಡ್ ಬಂದಿದ್ದು ಯಾರು?” ಎನ್ನುತ್ತಿದ್ದೆ ನಾನು.

“ಅದು ಮೈಬಲ ಮಾ. ಇದು ಮನಸ್ಸು. ಪ್ಲೇಆಫ್‌ನಲ್ಲಿ ಬೇಕಾಗೋದು ಇದೇ.”

“ಪೋಂಗ ಮಾಮಾ,” ಹೋಗಿ ಮಾಮಾ, ಎಂದು ತಮ್ಮ ತಮಿಳಿನಲ್ಲಿ ರೇಗುತ್ತಿದ್ದ. ಮನೆಯಲ್ಲಿ ಎಲ್ಲರೂ ಕನ್ನಡ ಆಡಿದರೂ ಅವನ ಉತ್ತರ ಬರುತ್ತಿದ್ದದ್ದು ತಮಿಳಿನಲ್ಲೇ. “ವೇಣುಂನೇ ಫೌಲ್ ಪಣ್ರಾಂಗ, ಅದು ಚೀಟಿಂಗ್.” ಬೇಕೆಂದೇ ಫೌಲ್ ಮಾಡುವುದು ಮೋಸ ಎಂದು ಅವನ ವಾದ.

ನಾನು ಹುಟ್ಟಾ ಜಗಳಗಂಟಿ. ಮಾಮನೂ ನನಗೆ ಕಡಿಮೆಯಿರಲಿಲ್ಲ. ನಮ್ಮ ಗಲಾಟೆ ತಡೆಯಲಾರದೆ ಕೆಳಗಿನ ಮನೆಯ ಓನರಮ್ಮ ಒಂದು ದಿನ ಮೆಟ್ಟಿಲು ಹತ್ತಿ ಬಂದು ಅಮ್ಮನಿಗೆ ದೂರು ಹೇಳಿ ಹೋದರು. ಆವತ್ತೇ ಮಾಮ ಒಂದು ನಿಯಮ ಮಾಡಿದರು. ಆನೆ ಗೆರೆಗೆ ಬಂದಾಗ ಚೆಂಡು ಹೋಗುತ್ತೋ ಇಲ್ಲವೋ ಎಂದು ಎಲ್ಲರೂ ಮೊದಲೇ ಹೇಳಬೇಕು. ತಪ್ಪು ಹೇಳಿದವರ ಬಾಯಿಗೆ ಆ ಕ್ವಾರ್ಟರ್, ಅಂದರೆ ಪಂದ್ಯದ ಆ ಕಾಲು ಭಾಗ, ಮುಗಿಯುವವರೆಗೆ ಬೀಗ. ಒಂದು ಮಾತೂ ಆಡುವಂತಿಲ್ಲ.

ನಾನೂ ತಮ್ಮನೂ ಬೀಗ ಬಿದ್ದಾಗ ಗೊಣಗುತ್ತಿದ್ದೆವು, ಕದ್ದು ಪಿಸುಗುಟ್ಟುತ್ತಿದ್ದೆವು. ಮಾಮ ಮಾತ್ರ ಊಟದ ಹೊತ್ತಿನ ಮೌನವನ್ನು ಪಾಲಿಸಿದಷ್ಟೇ ಕಟ್ಟುನಿಟ್ಟು. ಒಮ್ಮೆ ಅವರಿಗೆ ಬೀಗ ಬಿದ್ದಿದ್ದಾಗ ಒಳಗೆ ಹಾಲು ಉಕ್ಕಿತು. ಅವರು ಬಾಯಿ ಬಿಡಲಿಲ್ಲ. ಚಪ್ಪಾಳೆ ತಟ್ಟಿ, ಅಡುಗೆಮನೆಯ ಕಡೆ ಕೈ ಬೀಸಿ, ಉಕ್ಕುವ ಹಾಲನ್ನು ಎರಡೂ ಕೈಯಲ್ಲಿ ಅಭಿನಯಿಸಿ ತೋರಿಸಿದರು. ಹಾಲು ಹಾಳಾದರೂ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲಿಂದ ಬೀಗ ಬಿದ್ದಾಗಲೆಲ್ಲ ಮಾಮ ಏನಾದರೊಂದು ಅಭಿನಯ ಮಾಡುವುದು, ನಾವು ನಗುವುದು ಅಭ್ಯಾಸವಾಗಿಹೋಯಿತು.

ಒಂದು ವರ್ಷ ಜೂನ್ ತಿಂಗಳಲ್ಲಿ ಊರಿಗೆಲ್ಲ ನೀರಿನ ಬರ. ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಫೈನಲ್ಸಿನ ಒಂದು ಬೆಳಗ್ಗೆ ಬೀದಿಗೆ ನೀರಿನ ಲಾರಿ ಬಂತೆಂದು ಅಮ್ಮ ಪ್ಲಾಸ್ಟಿಕ್ ಕೊಡಗಳನ್ನು ತೆಗೆದುಕೊಂಡು ಕೆಳಗೆ ಓಡಿದಳು. ನಾನು ಸಹಾಯಕ್ಕೆ ಹೋಗಬೇಕಿತ್ತು. “ಈ ಕ್ವಾರ್ಟರ್ ಮುಗೀಲಿ ಅಮ್ಮಾ, ಬರ್ತೀನಿ,” ಎಂದೆ. ಮಾಮ ಸಂಧ್ಯಾವಂದನೆ ಮುಗಿಸಿ, ಗೋಪೀಚಂದನ ಇನ್ನೂ ಒಣಗದ ಹಣೆಯಲ್ಲಿ, ನಮ್ಮ ಹಿಂದೆ ಬೆತ್ತದ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಿದ್ದರು. ನಾನೂ ತಮ್ಮನೂ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನೆಲದ ಮೇಲೆ.

ಮೂರನೆಯ ಕ್ವಾರ್ಟರ್‌ನ ನಡುವೆ ಆನೆಗೆ ಫೌಲ್ ಆಯಿತು. ಎರಡು ಫ್ರೀ ಥ್ರೋ.

“ಎರಡೂ ಹೋಗಲ್ಲ,” ಎಂದರು ಮಾಮ. ಅವರ ಧ್ವನಿ ಸರಿಯಾಗೇ ಇತ್ತು. ಇದನ್ನು ನಾನು ಎಷ್ಟೋ ಸಲ ನೆನೆದು ನೋಡಿದ್ದೇನೆ.

“ಎರಡೂ ಹೋಗತ್ತೆ,” ಎಂದೆವು ನಾವಿಬ್ಬರೂ.

ಮೊದಲನೆಯದು ಬಲೆಯನ್ನಷ್ಟೇ ಸವರಿಕೊಂಡು ಇಳಿಯಿತು. ಎರಡನೆಯದು ರಿಂಗಿನ ಮೇಲೆ ಒಂದು ಸುತ್ತು ತಿರುಗಿ, ಯೋಚಿಸಿ, ಒಳಗೆ ಬಿತ್ತು. ನಾವು ನೆಲದಿಂದ ನೆಗೆದು ಕೂಗಿದೆವು. ತಿರುಗಿ ನೋಡಿದರೆ ಮಾಮನ ಕೈಯ ಟಂಬ್ಲರ್ ಓರೆಯಾಗಿ ಕಾಫಿ ಪಂಚೆಯ ಮೇಲೆಲ್ಲ ಚೆಲ್ಲಿತ್ತು. ಬಾಯಿ ಅರೆ ತೆರೆದಿತ್ತು.

“ಪಾರು, ಮಾಮಾವುಕ್ಕು ಶಾಕ್,” ಎಂದ ತಮ್ಮ. ನೋಡು, ಮಾಮನಿಗೆ ಶಾಕ್ ಎಂದು.

ಮಾಮ ಏನೋ ಹೇಳಲು ಹೊರಟರು. ಗಂಟಲಿನಿಂದ ಒಂದು ಸದ್ದು ಬಂತು, ಮಾತಾಗಲಿಲ್ಲ. ನಾನು ತುಟಿಯ ಮೇಲೆ ಬೆರಳಿಟ್ಟೆ. “ಮಾಮಾ, ಬೀಗ. ನೀವೇ ಮಾಡಿದ ರೂಲು.” ಅವರು ಎಡಗೈ ಎತ್ತಿ ನನ್ನನ್ನು ಹತ್ತಿರ ಕರೆಯುವಂತೆ ಆಡಿಸಿದರು. ನಾನು ಅದೇ ಥರ ಎಡಗೈ ಆಡಿಸಿ ತೋರಿಸಿದೆ. ತಮ್ಮ ನೆಲದ ಮೇಲೆ ಉರುಳಾಡಿ ನಕ್ಕ. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮಾಮ ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಆಟ ಶುರುವಾಯಿತು, ನಾವು ಟಿವಿಯ ಕಡೆ ತಿರುಗಿಕೊಂಡೆವು.

ಹಿಂದಿನಿಂದ ಇನ್ನೊಮ್ಮೆ ಆ ಸದ್ದು ಕೇಳಿತು. ನಾನು ತಿರುಗಲೇ ಇಲ್ಲ. “ಚೀಟಿಂಗ್ ಮಾಡ್ಬೇಡಿ ಮಾಮಾ,” ಎಂದೆ. ಆಮೇಲೆ ಸದ್ದು ಬರಲಿಲ್ಲ. ಮಾಮ ಸೋಲೊಪ್ಪಿಕೊಂಡರು ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ವರ್ಷದ ವಾದದಲ್ಲಿ ಅವರು ಇಷ್ಟು ಪೂರ್ತಿಯಾಗಿ ಸುಮ್ಮನಾಗಿದ್ದು ಅದೇ ಮೊದಲು.

ಟೈಮ್‌ಔಟ್ ಆಯಿತು, ಜಾಹೀರಾತು ಬಂತು, ಮತ್ತೆ ಟೈಮ್‌ಔಟ್. ಕ್ವಾರ್ಟರ್ ಇನ್ನೂ ಮುಗಿದಿರಲಿಲ್ಲ, ಅಮ್ಮ ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಬಾಗಿಲಿಗೆ ಬಂದಳು. ನನ್ನನ್ನು ಬಯ್ಯಲೆಂದೇ ಬಾಯಿ ತೆರೆದಿದ್ದಳು. ಆದರೆ ಅವಳ ಕಣ್ಣು ಕುರ್ಚಿಯ ಕಡೆ ಹೋಯಿತು.

“ಅಣ್ಣ? ಏನಾಯ್ತು ನಿಂಗೆ?”

ಕೊಡ ಜಾರಿತು. ಅಷ್ಟು ಹೊತ್ತು ಸಾಲಿನಲ್ಲಿ ನಿಂತು ತಂದ ನೀರು ನಡುಮನೆಯ ತುಂಬ ಹರಿದು ನನ್ನ ಕಾಲಿಗೆ ತಾಗಿತು. ಅವಳು ಅದರ ಕಡೆ ನೋಡಲೂ ಇಲ್ಲ. “ಬಾಯಿ ಓರೆ ಆಗಿದೆ. ಕೈ ನೇತಾಡ್ತಿದೆ. ನಿಮ್ಮಿಬ್ರಿಗೂ ಕಾಣಿಸ್ತಿಲ್ವಾ?” ಎಂದಳು.

ಆಗ ನೋಡಿದೆ. ಮುಖದ ಬಲಭಾಗ ಇಳಿಬಿದ್ದಿತ್ತು. ಬಲಗೈ ಕುರ್ಚಿಯ ಪಕ್ಕಕ್ಕೆ ಜೋತುಬಿದ್ದಿತ್ತು. ಹೆದರಿಕೆ ಆಮೇಲೆ ಬಂದದ್ದು. ಮೊದಲು ಬಂದದ್ದು ನನ್ನ ನಗು ಇನ್ನೂ ಮುಖದ ಮೇಲೇ ಇದೆ ಅನ್ನುವ ಅರಿವು. ಅದನ್ನು ತೆಗೆಯುವುದು ಹೇಗೆಂದು ಗೊತ್ತಾಗಲಿಲ್ಲ.

ಓನರಮ್ಮನ ಮಗ ಆಟೋ ಕರೆದ. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಇದು ಎಷ್ಟು ಹೊತ್ತಿಗೆ ಶುರುವಾಯಿತು ಎಂದು. ತಮ್ಮ, “ಇಪ್ಪೋದಾನ್ ಸಾರ್,” ಎಂದ. ಈಗಷ್ಟೇ. ಡಾಕ್ಟರು ನನ್ನ ಕಡೆ ನೋಡಿದರು. ನನಗೆ ನಿಖರವಾಗಿ ಗೊತ್ತಿತ್ತು: ಎರಡನೆಯ ಫ್ರೀ ಥ್ರೋ ಬಿದ್ದಾಗ. ಅಲ್ಲಿಂದ ಅಮ್ಮ ಬರುವವರೆಗೆ ಕಾಲು ಗಂಟೆಯಾದರೂ ಆಗಿರಬೇಕು. ನಾನು ತಲೆಯಾಡಿಸಿದೆ. ತಮ್ಮ ಹೇಳಿದ್ದು ಸರಿ ಎಂದು ತಲೆಯಾಡಿಸಿದೆ.

ಜೀವ ಉಳಿಯಿತು. ಬಲಗಡೆ ಬಿದ್ದುಹೋಯಿತು, ಮಾತು ಹೋಯಿತು. ನೋಡಲು ಬಂದ ನೆಂಟರಿಗೆಲ್ಲ ಅಮ್ಮ ಒಂದೇ ಮಾತು ಹೇಳುತ್ತಿದ್ದಳು. “ಮಕ್ಕಳು ಪಕ್ಕದಲ್ಲೇ ಇದ್ರು, ಏನೋ ಪುಣ್ಯ. ಒಬ್ನೇ ಇದ್ದಿದ್ರೆ ಗತಿ ಏನಾಗ್ತಿತ್ತು?” ನೆಂಟರು ನನ್ನ ತಲೆ ಸವರುತ್ತಿದ್ದರು. ಟಿ. ನಗರದಿಂದ ಬಂದ ಒಬ್ಬ ಅಜ್ಜಿಯಂತೂ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನಾನು ಕೈ ಬಿಡಿಸಿಕೊಂಡು ಅವರಿಗೆ ಕಾಫಿ ತರಲು ಒಳಗೆ ಹೋದೆ. ತಮ್ಮನೂ ನಾನೂ ಈ ವಿಷಯವನ್ನು ನಮ್ಮಿಬ್ಬರ ನಡುವೆಯೂ ಎತ್ತಲಿಲ್ಲ. ಆ ಪಂದ್ಯ ಯಾರು ಗೆದ್ದರೆಂದು ಅವನು ಎರಡು ದಿನ ಬಿಟ್ಟು ಹೇಳಿದ. ಸುಮ್ಮನಿರು ಎಂದೆ.

ಮಾತು ಕಲಿಸಲು ವಾರಕ್ಕೆರಡು ಸಲ ಒಬ್ಬ ಹೆಂಗಸು ಬರುತ್ತಿದ್ದರು. ಅವರು ತಮಿಳಿನಲ್ಲಿ ಕೇಳುತ್ತಿದ್ದರು, ಮಾಮನ ಬಾಯಿಂದ ಬರುವುದೆಲ್ಲ ಕನ್ನಡ. ಅಮ್ಮ ನಡುವೆ ಕೂತು ಒಂದೊಂದೇ ಪದವನ್ನು ಆ ಕಡೆ ಈ ಕಡೆ ದಾಟಿಸುತ್ತಿದ್ದಳು. ನೀರು. ಸಾಕು. ಬೇಡ. ವರ್ಷವಾಗುತ್ತ ಬಂದರೂ ಎರಡು ಪದ ಒಟ್ಟಿಗೆ ಕೂಡಲಿಲ್ಲ. ಒಂದು ವಾಕ್ಯ ಹೇಳಿದ ದಿನ ಪಾಯಸ ಮಾಡುತ್ತೇನೆಂದು ಅಮ್ಮ ಆಸೆ ತೋರಿಸುತ್ತಿದ್ದಳು. ಮಾಮ ಅರ್ಧ ಮುಖದಲ್ಲಿ ನಗುತ್ತಿದ್ದರು.

ಮತ್ತೆ ಮೇ ಬಂತು. ಆರೂವರೆಗೆ ಮಾಮ ಎಡಗೈಯಿಂದ ಟಿವಿ ತೋರಿಸಿದರು. ಹಾಕಿದೆ. ತಮ್ಮ ಟ್ಯೂಷನ್ನಿಗೆ ಹೋಗಿದ್ದ. ಪರದೆಯ ಮೇಲೆ ಆನೆ ಗೆರೆಗೆ ಬಂದು ನಿಂತ. ಮಾಮ ನನ್ನ ಕಡೆ ನೋಡಿದರು, ಹೋಗುತ್ತೋ ಇಲ್ಲವೋ ಹೇಳು ಎನ್ನುವ ಹಾಗೆ. ನನಗೆ ಆಗಲಿಲ್ಲ. ಎದ್ದು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ.

“ನೀವು ಕರೀತಿದೀರ ಅಂತ ಗೊತ್ತಾಗ್ಲಿಲ್ಲ ಮಾಮಾ. ಆಟ ಅಂದ್ಕೊಂಡೆ. ಎರಡ್ನೇ ಸಲ ತಿರುಗೂ ನೋಡ್ಲಿಲ್ಲ. ಡಾಕ್ಟ್ರಿಗೂ ನಿಜ ಹೇಳ್ಲಿಲ್ಲ, ಅಮ್ಮಂಗೂ ಹೇಳಿಲ್ಲ.”

ನಿಜ ಹೇಳಬೇಕೆಂದರೆ ಅವರು ತಲೆ ಸವರುತ್ತಾರೆ ಎಂದುಕೊಂಡಿದ್ದೆ. ಮಾತು ಬಾರದವರು ಕ್ಷಮಿಸುವುದಲ್ಲದೆ ಇನ್ನೇನು ಮಾಡಿಯಾರು ಎಂಬ ಧೈರ್ಯವೂ ನನಗಿತ್ತು. ಮಾಮ ಸವರಲಿಲ್ಲ. ತುಂಬ ಹೊತ್ತು ತುಟಿ ಅಲುಗಿತು. ಹಣೆಯ ಮೇಲೆ ಬೆವರು ಬಂತು.

“ನಂಗೆ,” ಎಂದರು. ನಿಲ್ಲಿಸಿ ಉಸಿರೆಳೆದುಕೊಂಡರು. “ಭಯ ಆಯ್ತು.” ಮತ್ತೆ ಉಸಿರು. “ನೀನು ನಗ್ತಿದ್ದೆ.”

ಅದರಲ್ಲಿ ಸಿಟ್ಟಿರಲಿಲ್ಲ. ಇಡೀ ವರ್ಷ ಒಳಗೆ ಜೋಡಿಸಿಟ್ಟುಕೊಂಡಿದ್ದನ್ನು ಹೇಳಿ ಮುಗಿಸಿದವರ ದಣಿವಿತ್ತು.

ಅಡುಗೆಮನೆಯಿಂದ ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಣ್ಣನ ಧ್ವನಿ ಕೇಳಿತ್ತು, ಮಾತು ಕೇಳಿರಲಿಲ್ಲ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಆ ವರ್ಷವಿಡೀ ನೋಡಿರಲಿಲ್ಲ.

“ಅಣ್ಣ ಮಾತಾಡ್ದ ಅಲ್ವಾ? ಪೂರ್ತಿ ಮಾತಾಡ್ದ. ಏನಂದ? ಹೇಳೇ, ಏನಂದ?”

ಮಾಮ ನನ್ನನ್ನು ನೋಡಿದರು. ನಾನು ಅವರ ಮಾತನ್ನು, ಅವರು ಹೇಳಿದ ಹಾಗೆಯೇ, ಒಂದಕ್ಷರ ಬದಲಿಸದೆ ಅಮ್ಮನಿಗೆ ಹೇಳಿದೆ. ಆಮೇಲೆ ಅದು ಯಾವ ದಿನದ ಮಾತು ಎಂಬುದನ್ನೂ ಹೇಳಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ನಗುತ್ತಲೇ ಇದ್ದಳು.