ಹರಗೋಲಿನಲ್ಲಿ ಒಂದು ಜಾಗ

ನಮ್ಮ ನಾಗಲದಿನ್ನೆಯಲ್ಲಿ ದಿನಬಳಕೆಯ ಹರಗೋಲುಗಳು ಹಲವಿದ್ದವು. ಜನರನ್ನೂ ಜೋಳದ ಚೀಲಗಳನ್ನೂ ಹೊತ್ತು ತುಂಗಭದ್ರೆ ದಾಟಿ ಆಚೆಯ ನಿಜಾಮನ ಸೀಮೆಗೆ ಹೋಗಿ ಬರುತ್ತಿದ್ದವು. ಹೊಳೆ ತುಂಬಿ ಬಂದರೆ ಅವು ತಡೆಯುತ್ತಿರಲಿಲ್ಲ. ಅವಲ್ಲದೆ ಇನ್ನೊಂದು ಹರಗೋಲು ಹನುಮಪ್ಪನ ಗುಡಿಯ ಹಿಂದೆ ಬೋರಲು ಬಿದ್ದಿರುತ್ತಿತ್ತು. ದೊಡ್ಡ ಬಿದಿರಿನ ಬುಟ್ಟಿ, ಅದಕ್ಕೆ ಹೊಸ ತೊಗಲು, ತೊಗಲಿಗೆ ಎಣ್ಣೆ. ಹೊಳೆ ಬಂದಾಗ, ನಡುನೀರಿನಲ್ಲಿ ಸಿಕ್ಕಿಬಿದ್ದವರನ್ನು ತರಲು ಮಾತ್ರ ಅದನ್ನು ಇಳಿಸುತ್ತಿದ್ದರು. ಊರ ರೆಡ್ಡಿಯೇ ಬಂದು ಕೇಳಿದರೂ ಬೇರೆ ಕೆಲಸಕ್ಕೆ ಕೊಡುತ್ತಿರಲಿಲ್ಲ.

ಅದರ ಯಜಮಾನಿಕೆ ನಮ್ಮಪ್ಪನದು. ನಾವು ಅಂಬಿಗರು. ಅಪ್ಪ ಒಂದು ಕಟ್ಟಳೆ ಮಾಡಿದ್ದ: ಯಾರ ಮನೆಯವರು ಸಿಕ್ಕಿಕೊಂಡಿರುತ್ತಾರೋ ಅವರು ಅವತ್ತು ಹುಟ್ಟು ಹಿಡಿಯಕೂಡದು. ತನ್ನವರನ್ನು ಕಂಡ ಕೂಡಲೇ ಮನುಷ್ಯ ಬುದ್ಧಿ ಕಳೆದುಕೊಂಡು ವಾಲುತ್ತಾನೆ, ಎಲ್ಲರನ್ನೂ ಮುಳುಗಿಸುತ್ತಾನೆ ಎನ್ನುವುದು ಅವನ ವಾದ. ವಾದವೇನೋ ಸರಿಯೇ. ಆ ಸರಿಯಾದ ವಾದವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಯುದ್ಧ ನಡೆಯುತ್ತಿದ್ದ ಕಾಲ. ಆ ಬೇಸಿಗೆಯಲ್ಲಿ ಅಕ್ಕನ ಮದುವೆಯಾಗಿತ್ತು. ಗಂಡನ ಮನೆಯವರು ಹೊಳೆ ಬತ್ತಿದಾಗ ನಡುಗಡ್ಡೆಯ ಉಸುಕಿನಲ್ಲಿ ಕಲ್ಲಂಗಡಿ, ಸೌತೆ ಬೆಳೆದು ಅಲ್ಲೇ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಅತ್ತೆ ತೀರಿಹೋಗಿದ್ದಳು, ಮಾವ, ಗಂಡ, ಅಕ್ಕ ಮೂವರೇ. ತವರಿನಲ್ಲಿ ಅಪ್ಪನಿಗೇ ಎದುರು ವಾದಿಸುತ್ತಿದ್ದ ಬಾಯಿಬಡುಕಿ ಅಕ್ಕ, ಮಾವನ ನೆರಳು ಕಂಡರೆ ಸೆರಗು ಎಳೆದುಕೊಂಡು ಮೂಲೆ ಸೇರುತ್ತಿದ್ದಳು. ಸೊಸೆಯಾದವಳು ಮಾವನ ಎದುರು ಕೂರುವಂತಿಲ್ಲ, ನೇರ ಮಾತಾಡುವಂತಿಲ್ಲ. ಮೈ ತಾಕಿದರಂತೂ ಮುಗಿದೇ ಹೋಯಿತು. ನಾನು ಗೇಲಿ ಮಾಡಿದರೆ, "ನಿನಗೂ ಒಬ್ಬ ಮಾವ ಬರ್ತಾನ, ತಡಿ," ಎನ್ನುತ್ತಿದ್ದಳು.

ಆಗ ಹೊಸಪೇಟೆಯ ಅಣೆಕಟ್ಟು ಇರಲಿಲ್ಲ. ಮೇಲಿನ ಸೀಮೆಯಲ್ಲಿ ಮಳೆಯಾದರೆ, ನಮ್ಮಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಹೊಳೆ ಬಂದುಬಿಡುತ್ತಿತ್ತು. ಅಕ್ಕನ ಗಂಡ ಕೊನೆಯ ಹಣ್ಣು ಮಾರಲು ಗಾಡಿ ಕಟ್ಟಿಕೊಂಡು ಆದವಾನಿಗೆ ಹೋಗಿದ್ದಾಗ ಹಾಗೆಯೇ ಬಂತು. ನಡುಗಡ್ಡೆಯ ಸುತ್ತ ಕೆಂಪು ನೀರು ಏರುತ್ತಿತ್ತು.

ಅಪ್ಪ ಹುಟ್ಟು ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವನು ನಿಂತು, ಅದನ್ನು ಬೇರೆಯವನ ಕೈಗೆ ಕೊಟ್ಟ.

"ಕೊಟ್ಟಮ್ಯಾಲೆ ಆಕಿ ಅವರ ಮನಿ ಹೆಣ್ಣು," ಎಂದು ಅವ್ವ ಚೀರಿದಳು. "ನಿನ್ನ ಕಟ್ಟಳಿ ಆಕಿಗೆ ಹತ್ತಂಗಿಲ್ಲ. ನೀನ ಹೋಗು!"

"ನಾನ ಮುರದ್ರ ನಾಳೆ ಯಾವನು ಕೇಳ್ತಾನ?" ಎಂದ ಅಪ್ಪ, ದಡದಲ್ಲೇ ಕುಕ್ಕರಿಸಿದ.

ಇಬ್ಬರು ಅಂಬಿಗರು ಹೋದರು. ಅಲ್ಲಿ ನಡೆದದ್ದನ್ನು ದಡದಿಂದ ಕಂಡೆವು. ಆಡಿದ ಮಾತನ್ನು ಆಮೇಲೆ ಆ ಇಬ್ಬರು ಹೇಳಿದರು. ಪಕ್ಕದ ಗುಡಿಸಲಿನ ಹೆಂಗಸರು, ಮಕ್ಕಳು ಮೊದಲು ಹತ್ತಿದರು. ಕುಂಟುಗಾಲಿನ ಮಾವನನ್ನು ಎತ್ತಿ ಕೂರಿಸಿದರು. ಇನ್ನೊಬ್ಬರಿಗೆ ಜಾಗವಿತ್ತು. ಆ ಜಾಗ ಮಾವನ ಮೊಣಕಾಲುಗಳ ನಡುವೆ ಇತ್ತು.

"ಬಾರವ್ವಾ, ಜಲ್ದಿ ಹತ್ತು," ಎಂದ ಅಂಬಿಗ. ಅಕ್ಕ ಆ ಜಾಗವನ್ನು ನೋಡಿ ಸೆರಗು ಎಳೆದುಕೊಂಡು ಹಿಂದೆ ಸರಿದಳು. ಮಾವ ಮುಖ ಆಚೆ ತಿರುಗಿಸಿ, "ಆಕಿಗೆ ಹತ್ತಾಕ ಹೇಳ್ರೋ," ಎಂದನಂತೆ. ಸೊಸೆ ಕೈಗೆಟಕುವಷ್ಟು ಹತ್ತಿರ ನಿಂತಿದ್ದಾಗಲೂ ಅವನು ಹೇಳಿದ್ದು ಅಂಬಿಗರಿಗೆ! ಅವಳೂ ಅಂಬಿಗರಿಗೇ ಉತ್ತರ ಕೊಟ್ಟಳು: "ಇವರನ್ನ ಬಿಟ್ಟು ಬರ್ರಿ. ಮುಂದಿನ ಸರ್ತಿಗೆ ಬರ್ತೀನಿ."

ಕಂಡವರ ಮನೆಯ ಹೊಸ ಸೊಸೆಯ ಕೈ ಹಿಡಿದು ಎಳೆಯಲು ಆ ಇಬ್ಬರಿಗೂ ಧೈರ್ಯ ಬರಲಿಲ್ಲ. ಅಪ್ಪ ಹೋಗಿದ್ದರೆ ಜುಟ್ಟು ಹಿಡಿದು ಒಳಗೆ ಎಸೆಯುತ್ತಿದ್ದ. ದಡದಲ್ಲಿ ಎದ್ದು ನಿಂತು, "ಎಳೀರಲೇ ಆಕಿನ್ನ! ಎಳೀರಿ!" ಎಂದು ಕೂಗಿದ. ಹೊಳೆಯ ಸದ್ದಿನಲ್ಲಿ ಅದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ಹರಗೋಲು ಸೆಳವಿಗೆ ಸಿಕ್ಕಿ ಬಹಳ ಕೆಳಗೆ ದಡ ಹತ್ತಿತು. ಅದನ್ನು ತಲೆಯ ಮೇಲೆ ಹೊತ್ತು, ಕೆಸರಿನಲ್ಲಿ ಮೇಲಕ್ಕೆ ಓಡಿ ತಂದು ಮತ್ತೆ ನೀರಿಗಿಡಬೇಕು. ಎಲ್ಲರೂ ಕೈಹಚ್ಚಿ ಓಡಿಯೇ ತಂದರು. ಅಷ್ಟರಲ್ಲಿ ನಡುಗಡ್ಡೆ ಇರಲಿಲ್ಲ. ಅಕ್ಕನ ಹೆಣವೂ ಸಿಗಲಿಲ್ಲ.

ಕೆಲವು ದಿನಗಳ ಮೇಲೆ ಮಾವ ಕೋಲೂರಿಕೊಂಡು ನಮ್ಮ ಅಂಗಳಕ್ಕೆ ಬಂದ. "ನಾನ ಇಳೀಬೇಕಿತ್ತು," ಎಂದ. ಹಾಗಲ್ಲ ಬಿಡಿ ಎಂದು ಯಾರೂ ಹೇಳಲಿಲ್ಲ. ನನಗೂ ಹೇಳಬೇಕೆನಿಸಲಿಲ್ಲ.

ಮರುವರ್ಷ ಮತ್ತೆ ಹೊಳೆ ಬಂತು. ಮೇಲಿನ ನಡುಗಡ್ಡೆಯಲ್ಲಿ ಬೇರೆ ಯಾರದೋ ಸಂಸಾರ ಸಿಕ್ಕಿಕೊಂಡಿತ್ತು. ಅಪ್ಪ ಹುಟ್ಟು ಹಿಡಿದು ಬರುವಷ್ಟರಲ್ಲಿ ಅವ್ವ ಹೋಗಿ ಹರಗೋಲಿನಲ್ಲಿ ಕೂತಿದ್ದಳು. ಹೆಂಗಸು ಕೂತರೆ ಗಂಗಮ್ಮ ಮುನಿಯುತ್ತಾಳೆ ಎಂದು ಯಾರೋ ಗೊಣಗಿದರು.

"ಹೆಣ್ಣಮಕ್ಕಳ ರಟ್ಟಿ ಹಿಡದು ಎಳಿಯಾಕ ಒಬ್ಬಾಕಿ ಬೇಕು," ಎಂದಳು ಅವ್ವ. "ನೀವೆಲ್ಲಾ ಮರ್ಯಾದಸ್ಥರು!"

ಅಪ್ಪ ಹುಟ್ಟು ಹಾಕಿದ. ಎಲ್ಲರನ್ನೂ ತಂದರು. ಕಡೆಯಲ್ಲಿ ಒಬ್ಬ ಎಳೇ ಸೊಸೆ ಇಳಿದಳು, ಸೆರಗಿನೊಳಗೆ ಮುಖ ಮುಚ್ಚಿಕೊಂಡು, ಮಾವನಿಗೆ ಮೈ ತಾಕಿತೆಂದು ಅಳುತ್ತ. ಊರವರು ಅವ್ವನನ್ನು ಹೊಗಳುತ್ತಿದ್ದರು. ಅವಳು ನೇರ ನನ್ನ ಹತ್ತಿರ ಬಂದು, ಒದ್ದೆ ಕೈಯಲ್ಲಿ ನನ್ನ ರಟ್ಟೆ ಹಿಡಿದಳು.

"ಒಂದ ಸರ್ತಿ ಎಳದೆ," ಎಂದಳು. "ಒಂದ ಸರ್ತಿಗೆ ಬಂದಬಿಟ್ಲು."