ಬೆನ್ನಂಗಡಿ

ವ್ಯಾಪಾರ ಮಾಡುವವರೆಲ್ಲ ಗಿರಾಕಿಯ ಮುಖ ನೋಡುತ್ತಾರೆ. ನನ್ನ ನಾದಿನಿ ಗಿರಾಕಿಗೆ ಬೆನ್ನು ತೋರಿಸುತ್ತಾಳೆ.

ಅವಳು ವಾರದ ಸಂತೆಗಳಲ್ಲಿ ಹಳೇ ಬಟ್ಟೆ ಮಾರುವವಳು. ಜಮಖಾನೆ ಹಾಸಿ, ಬಟ್ಟೆ ಹರಡಿ, ಆಮೇಲೆ ಜನ ಓಡಾಡುವ ದಾರಿಗೆ ಬೆನ್ನು ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಾಳೆ. ಈ ಹೆಂಗಸಿಗೆ ಯಾರ ಮೇಲೋ ಸಿಟ್ಟು ಬಂದಿರಬೇಕು ಎಂದು ಹೊಸಬರು ತಿಳಿಯುತ್ತಾರೆ. ಹಳಬರು ಅವಳ ಜಾಗಕ್ಕೆ ಬೆನ್ನಂಗಡಿ ಎಂದು ಹೆಸರಿಟ್ಟಿದ್ದಾರೆ. ಸಂತೆಯಲ್ಲಿ ಬೋರ್ಡು ಇಲ್ಲದೆ ಹೆಸರು ಪಡೆದ ಅಂಗಡಿ ಅದೊಂದೇ.

ಮೊದಮೊದಲು ನಾನೂ ಕೇಳಿದ್ದೆ, "ಏನೇ ಇದು, ಬಂದವರನ್ನ ಬಾ ಅನ್ನೋದು ಬೇಡವಾ?"

"ಹಳೇ ಬಟ್ಟೆ ಕೊಳ್ಳೋರಿಗೆ ನಾಚಿಕೆ ಇರುತ್ತೆ ಅತ್ತಿಗೆ. ಯಾರೋ ಹಾಕಿ ಬಿಟ್ಟಿದ್ದು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ನಾವು ಮುಖ ನೋಡಿದ್ರೆ ಏನೋ ದಾರಿ ತಪ್ಪಿ ಬಂದವರ ಹಾಗೆ ಮುಂದೆ ಹೋಗಿಬಿಡ್ತಾರೆ. ನೋಡದೇ ಇದ್ರೆ ನಿಧಾನವಾಗಿ ಕೂತು ಆರಿಸ್ತಾರೆ."

ಬೆನ್ನು ತಿರುಗಿಸಿದರೂ ಅವಳ ಕೈ ಸುಮ್ಮನಿರುವುದಿಲ್ಲ. ಒಂದೊಂದೇ ಬಟ್ಟೆ ತೆಗೆದು ಪಟ್ ಪಟ್ ಎಂದು ಒದರಿ ಮಡಚುತ್ತಾಳೆ. ಹಿಂದೆ ಯಾರೋ ಅನುಮಾನಿಸುತ್ತಿದ್ದಾರೆ ಎಂದು ಗೊತ್ತಾದರೆ ಗೋಡೆಗೆ ಹೇಳುತ್ತಾಳೆ: "ಆ ನೀಲಿ ಸ್ವೆಟರು ಗಟ್ಟಿ ಇದೆ. ಮೊಣಕೈ ಹತ್ರ ಸ್ವಲ್ಪ ಸವೆದಿದೆ, ಸುಳ್ಳು ಹೇಳಲ್ಲ."

ಪಕ್ಕದಲ್ಲಿ ಪಾತ್ರೆ ಮಾರುವವಳ ಬಾಯಿ ಅವಳ ಪಾತ್ರೆಗಳಿಗಿಂತ ಜೋರು. "ನಿನ್ನ ಬೆನ್ನಿಗೆ ಕಣ್ಣಿದೆಯೇನೇ?" ಎಂದಳು ಒಮ್ಮೆ.

"ಕಣ್ಣಿಲ್ಲ ಕಣೇ, ಅತ್ತಿಗೆ ಇದ್ದಾರೆ."

ನಿಜ. ಜಮಖಾನೆಯ ಮೂಲೆಯಲ್ಲಿ ಕೂತು, ಯಾರು ಬಂದರು, ಯಾವುದಕ್ಕೆ ಕೈ ಹಾಕಿದರು ಎಂದು ಮೆಲ್ಲಗೆ ಹೇಳುವುದು ನನ್ನ ಕೆಲಸ.

ಈ ಕೆಲಸ ನನಗೆ ಸಿಕ್ಕಿದ್ದು ಹೀಗೆ. ನಮ್ಮ ಮನೆಯವರು ತೀರಿಕೊಂಡಾಗ ಬಂದವರೆಲ್ಲ ನನ್ನ ಎದುರು ಕೂತು, ಕೈ ಹಿಡಿದು, ಸಮಾಧಾನ ಹೇಳಿ ಹೋದರು. ಎಲ್ಲರೂ ಒಳ್ಳೆಯವರೇ. ಆದರೆ ಅವರು ಮುಖ ನೋಡಿದಷ್ಟೂ ನಾನು ಒಳಕೋಣೆ ಸೇರಿಕೊಂಡೆ. ನಾದಿನಿ ಸತ್ತವರ ಸ್ವಂತ ತಂಗಿ, ಅವಳಿಗೂ ಅಷ್ಟೇ ದುಃಖ. ಅವಳು ಬಟ್ಟೆ ಗಂಟು ಹೊತ್ತು ಬಂದಳು, ನಡುಮನೆಯಲ್ಲಿ ಗೋಡೆಯ ಕಡೆ ತಿರುಗಿ ಕೂತಳು, ಗುಂಡಿ ಹೊಲಿಯತೊಡಗಿದಳು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಒಂದು ಮಧ್ಯಾಹ್ನ ನೀರು ಕುಡಿಯಲು ಹೊರಗೆ ಬಂದವಳು ನೋಡುತ್ತೇನೆ, ಕರೀ ಕೋಟಿಗೆ ಬಿಳೀ ದಾರದಲ್ಲಿ ಗುಂಡಿ ಹಾಕುತ್ತಿದ್ದಾಳೆ. ನನಗೆ ತಡೆಯಲಾಗಲಿಲ್ಲ. "ಕೊಡೇ ಇಲ್ಲಿ, ಕಣ್ಣು ಕಾಣಲ್ವಾ?" ಎಂದು ಕಿತ್ತುಕೊಂಡು ಕೂತೆ. ಸಂಜೆಯವರೆಗೆ ಇಬ್ಬರೂ ಹೊಲಿದೆವು. ಅವಳು ಬೇಕೆಂದೇ ಹಾಗೆ ಮಾಡಿದ್ದಳೋ ಏನೋ, ಇವತ್ತಿಗೂ ಕೇಳಿಲ್ಲ.

ಮಳೆ ಹಿಂದೆ ಸರಿದು, ಚಳಿ ಇನ್ನೂ ಪೂರ್ತಿ ಕಾಲಿಡದ ದಿನಗಳೇ ನಮಗೆ ಸುಗ್ಗಿ. ಮರದ ಎಲೆ ಹಳದಿ ತಿರುಗುತ್ತಿದ್ದ ಹಾಗೆ ಜನಕ್ಕೆ ಸ್ವೆಟರಿನ ನೆನಪಾಗುತ್ತದೆ. ಒಂದು ದಿನ ಸೇತುವೆ ಸಂತೆ, ಒಂದು ದಿನ ಗಡಿಯಾರದ ಗೋಪುರದ ಸಂತೆ, ಗುರುವಾರ ಕೋಟೆ ಸಂತೆ. ಬಿಸಿಲು ವಾಲಿದ ಮೇಲೆ ಗಂಟನ್ನು ಪಾತ್ರೆಯವಳಿಗೆ ಒಪ್ಪಿಸಿ ಹಳೇ ಕಟ್ಟಡ ನೋಡಲು ಹೊರಡುತ್ತೇವೆ. ನಾದಿನಿಗೆ ಹಳೇ ಕಲ್ಲೆಂದರೆ ಹಳೇ ಬಟ್ಟೆಯಷ್ಟೇ ಪ್ರೀತಿ. ಅಂಗೈಯಿಂದ ಸವರಿ, "ಎಷ್ಟು ಜನ ಮುಟ್ಟಿ ಮುಟ್ಟಿ ನುಣುಪಾಗಿದೆ ನೋಡಿ" ಅನ್ನುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ನಾನು ಫಲಕದ ಮುಂದೆ ನಿಂತು ಅಕ್ಷರಕ್ಕೆ ಅಕ್ಷರ ಕೂಡಿಸಬೇಕು.

"ಯಾವ ರಾಜ ಕಟ್ಟಿಸಿದ್ದಂತೆ ಅತ್ತಿಗೆ?"

"ತಾಳೇ, ಇನ್ನೂ ಹೆಸರೇ ಮುಗಿದಿಲ್ಲ."

"ಅಷ್ಟುದ್ದ ಹೆಸರಿಟ್ಟುಕೊಂಡವನನ್ನ ಊಟಕ್ಕೆ ಕರೆಯೋಷ್ಟರಲ್ಲಿ ಅನ್ನ ಆರಿಹೋಗ್ತಿತ್ತೇನೋ!"

ಆ ನಾಯಿಯನ್ನು ನಾವು ಮೊದಲು ಕಂಡದ್ದು ಕೋಟೆಯಲ್ಲೇ. ಬೂದಿ ಬಣ್ಣ, ಒಂದು ಕಿವಿ ಮಡಚಿದ್ದು. ಮನುಷ್ಯರ ನೆರಳು ಕಂಡರೆ ಸಾಕು, ಕಲ್ಲಿನ ಸಂದಿಗೆ ಮಾಯ. ಯಾರು ಏನು ಮಾಡಿದ್ದರೋ. ತಿನ್ನಲು ಹಾಕಿದರೆ ಹಾಕಿದವರು ಹೋದ ಮೇಲೂ ಬಹಳ ಹೊತ್ತು ಕಾದು, ಆಮೇಲೆ ಬಂದು ತಿನ್ನುತ್ತಿತ್ತು. ಒಂದು ಗುರುವಾರ ಅದು ಕೋಟೆಯಿಂದಿಳಿದು ಸಂತೆಯ ಅಂಚಿಗೆ ಬಂತು. ಎಲ್ಲ ಬಿಟ್ಟು ನಮ್ಮ ಜಮಖಾನೆಯಿಂದ ಸ್ವಲ್ಪ ದೂರದಲ್ಲಿ ಕೂತಿತು. ಇಡೀ ಸಂತೆಯಲ್ಲಿ ತನ್ನ ಕಡೆ ನೋಡದವಳು ಇವಳೊಬ್ಬಳೇ ಎಂದು ಅದಕ್ಕೆ ತೋರಿರಬೇಕು.

ಪಾತ್ರೆಯವಳಿಗೆ ಅಷ್ಟು ಸಾಕಾಯಿತು. "ಬಂದ ನೋಡೇ ನಿನ್ನ ಅಳಿಯ! ಬಾಗಿಲಲ್ಲೇ ನಿಂತಿದ್ದಾನೆ, ಬಾ ಅಂದ್ರೆ ಬರಲ್ಲ, ಹೋಗು ಅಂದ್ರೆ ಹೋಗಲ್ಲ. ಮದುವೇನೇ ಆಗದೆ ಅಳಿಯನ್ನ ಪಡೆದವಳು ನೀನೊಬ್ಬಳೇ."

"ಸದ್ಯ, ಅಳಿಯ ಸಿಕ್ಕ. ಬೀಗರ ಕಾಟ ಇಲ್ಲ," ಎಂದಳು ನಾದಿನಿ ಗೋಡೆಗೆ.

ಅಂದಿನಿಂದ ಅದರ ಹೆಸರು ಅಳಿಯ. ವಾರ ವಾರಕ್ಕೂ ಒಂದು ಮೊಳ ಹತ್ತಿರ ಬಂದಿತು. ನಾನು ಮೆಲ್ಲಗೆ ಹೇಳುತ್ತಿದ್ದೆ: "ಕೊಡೆ ರಿಪೇರಿಯವನ ಕಲ್ಲಿನ ಹತ್ರ ಇದೆ." "ಜಮಖಾನೆ ಅಂಚು ಮೂಸ್ತಾ ಇದೆ." ಕೊನೆಗೊಂದು ದಿನ, "ಕಂದು ಕೋಟಿನ ಮೇಲೆ ಮಲಗಿಬಿಟ್ಟಿತು ಕಣೇ!" ನಾದಿನಿ ತಿರುಗಲಿಲ್ಲ. ಸ್ವೆಟರೊಂದನ್ನು ಒದರಿ ಮಡಚಿದಳು. ಆದರೆ ಆ ಕಂದು ಕೋಟನ್ನು ಅವತ್ತಿನಿಂದ ಯಾರಿಗೂ ಮಾರಲಿಲ್ಲ. ಕೇಳಿದವರಿಗೆಲ್ಲ "ಅದಕ್ಕೆ ಗಿರಾಕಿ ಇದ್ದಾರೆ" ಎಂದಳು.

ಅದರ ಮುಂದಿನ ಗುರುವಾರ ಅಳಿಯ ಬರಲಿಲ್ಲ.

ಬಿಸಿಲು ಏರುತ್ತಿದ್ದ ಹಾಗೆ ಕೋಟೆಯ ಕಾವಲುಗಾರ ಏದುಸಿರು ಬಿಡುತ್ತಾ ಬಂದ. "ಬೆನ್ನಂಗಡಿಯಮ್ಮ, ನಿಮ್ಮ ನಾಯಿ ತಲೆ ಡಬ್ಬಿಲಿ ಸಿಕ್ಕಿಹಾಕ್ಕೊಂಡಿದೆ! ಯಾರೋ ನೋಡೋಕೆ ಬಂದವರು ಬಿಸಾಕಿದ ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿ. ಮೊನ್ನೆಯಿಂದ ಹಾಗೇ ಓಡಾಡ್ತಿದೆಯಂತೆ. ನಾಯಿ ಹಿಡಿದು ಔಷಧಿ ಮಾಡೋ ವ್ಯಾನಿನವರೂ ಬಂದಿದ್ದಾರೆ. ಯಾರ ಕೈಗೂ ಸಿಕ್ತಿಲ್ಲ."

ನಾದಿನಿ ಎದ್ದಳು. ಕಂದು ಕೋಟನ್ನೂ ನಾಲ್ಕು ಸ್ವೆಟರುಗಳನ್ನೂ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡಳು. ಸುಗ್ಗಿಯ ಸಂತೆ, ಜಮಖಾನೆಯ ತುಂಬ ಜನ. ಪಾತ್ರೆಯವಳು ಅವಳನ್ನು ಗದರಿದಳು: "ಹೋಗೇ, ನಿಂತು ಏನು ನೋಡ್ತೀಯಾ? ನಿನ್ನ ಅಂಗಡಿಗೂ ನಾನೇ ಬೆನ್ನು ಹಾಕಿ ಕೂತ್ಕೋತೀನಿ."

ಕೋಟೆಯ ಒಂದು ಕಡೆ ಮೆಟ್ಟಿಲುಗಳು ಮೇಲೇರಿ, ಮುರಿದ ಗೋಡೆಯ ನೆತ್ತಿಯಲ್ಲಿ ಕೊನೆಗೊಳ್ಳುತ್ತವೆ. ಗೋಡೆಯ ಆಚೆ ನೀರಿಲ್ಲದ ಕಂದಕ, ತಳದಲ್ಲಿ ಬರೀ ಕಲ್ಲು. ನಾಯಿ ಆ ನೆತ್ತಿಯ ಮೇಲೆ ನಿಂತಿತ್ತು. ಡಬ್ಬಿಯೊಳಗೆ ಅದರ ಉಸಿರು ಮಂಜು ಕಟ್ಟಿತ್ತು. ಕೆಳಗೆ ಬಲೆ ಹಿಡಿದ ಡ್ರೈವರು, ಅವನ ಪಕ್ಕ ನಾಯಿ ಡಾಕ್ಟರಮ್ಮ, ಸಣ್ಣ ವಯಸ್ಸಿನವಳು. ಬೆಳಗಿನಿಂದ ಹತ್ತಿ ಇಳಿದು ಅವಳ ಮುಖ ಬಾಡಿತ್ತು.

"ಒಂದು ಹೆಜ್ಜೆ ನಾವು ಹತ್ತಿದ್ರೆ ಅದು ಒಂದು ಹೆಜ್ಜೆ ಹಿಂದೆ ಹೋಗುತ್ತೆ ಅಮ್ಮ. ಹಿಂದೆ ಜಾಗ ಇಲ್ಲ. ಮಂಪರು ಇಂಜೆಕ್ಷನ್ ದೂರದಿಂದ ಹೊಡೆದ್ರೆ ತೂರಾಡಿ ಬಿದ್ದೇ ಬೀಳುತ್ತೆ. ಹಾಗಂತ ಬಿಡೋ ಹಾಗೂ ಇಲ್ಲ. ನೀರು ಕುಡಿದಿಲ್ಲ, ಇವತ್ತು ಸಂಜೆ ದಾಟೋದು ಕಷ್ಟ."

"ತಿನ್ನೋದು ತೋರಿಸಿ ಕರೆಯೋಣ ಅಂದ್ರೆ ಮೂಗೇ ಡಬ್ಬಿಯೊಳಗಿದೆ," ಎಂದ ಡ್ರೈವರು.

"ನಾನು ಅಂಗಡಿ ಹಾಕ್ಲಾ?" ಎಂದಳು ನಾದಿನಿ.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ, "ಬಿಡಿ ಮಗಳೇ. ಅವಳ ಪಾಡಿಗೆ ಅವಳನ್ನ ಬಿಡಿ." ಡಾಕ್ಟರಮ್ಮ ಒಮ್ಮೆ ನಾಯಿಯನ್ನು, ಒಮ್ಮೆ ಗಂಟನ್ನು ನೋಡಿ, ಬಲೆ ಕೆಳಗಿಡು ಎಂದು ಡ್ರೈವರಿಗೆ ಸನ್ನೆ ಮಾಡಿದಳು.

ನಾದಿನಿ ಮೇಲೆ ನೋಡದೆ, ನಾಯಿಯೊಂದು ಅಲ್ಲಿದೆ ಎಂಬುದೇ ತಿಳಿಯದವಳ ಹಾಗೆ ಅರ್ಧ ಮೆಟ್ಟಿಲು ಹತ್ತಿದಳು. ಅಲ್ಲಿ ನಮ್ಮ ಕಡೆ ತಿರುಗಿ, ನಾಯಿಗೆ ಬೆನ್ನು ಹಾಕಿ ಕೂತಳು. ಕೋಟನ್ನು ತನ್ನ ಹಿಂದಿನ ಮೆಟ್ಟಿಲ ಮೇಲೆ ಹಾಸಿದಳು. ನಾನು ಕೆಳಗಿನ ಮೆಟ್ಟಿಲಲ್ಲಿ ಅವಳ ಎದುರು ಕೂತೆ. ಅವಳ ಹೆಗಲ ಮೇಲಿಂದ ನನಗೆ ನಾಯಿ ಕಾಣುತ್ತಿತ್ತು.

ಪಟ್ ಪಟ್. ಸ್ವೆಟರು ಒದರಿ ಮಡಚಿದಳು. ಇನ್ನೊಂದು ಒದರಿದಳು. ಡಬ್ಬಿ ಈ ಕಡೆ ತಿರುಗಿತು.

"ಕೇಳಿಸ್ಕೊಂಡಿತು," ಎಂದೆ.

ಅಷ್ಟರಲ್ಲಿ ಎಲ್ಲಿಂದಲೋ ಬಂದವನೊಬ್ಬ ಫೋನು ಎತ್ತಿ ಹಿಡಿದು, "ಏ, ನೋಡ್ರೋ ಅಲ್ಲಿ!" ಎಂದು ಕಿರುಚಿದ. ನಾಯಿ ಬೆಚ್ಚಿ ಹಿಂದಕ್ಕೆ ಸರಿಯಿತು. ಕಲ್ಲೊಂದು ಜಾರಿತು. ಅದು ಕಂದಕದ ತಳ ಮುಟ್ಟಿದ ಸದ್ದು ನಮಗೆಲ್ಲ ಕೇಳಿಸಿತು.

ನಾದಿನಿ ತಿರುಗಲಿಲ್ಲ. ಮಡಚಿದ ಸ್ವೆಟರನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

"ಬಿತ್ತಾ ಅತ್ತಿಗೆ?"

"ಇಲ್ಲ. ಕಲ್ಲು. ಬರೀ ಕಲ್ಲು."

ಕಾವಲುಗಾರ ಆ ಮಹಾರಾಯನನ್ನು ಕೊರಳಪಟ್ಟಿ ಹಿಡಿದು ಹೊರಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗ ನಾದಿನಿ ವ್ಯಾಪಾರದ ಮಾತು ಶುರು ಮಾಡಿದಳು. ಅದೇ ದನಿ, ಸಂತೆಯಲ್ಲಿ ಗೋಡೆಗೆ ಹೇಳುವ ದನಿ.

"ಆ ಕಂದು ಕೋಟು ಬೆಚ್ಚಗಿದೆ. ಒಳಗೆ ಅಸ್ತರು ಹರಿದಿತ್ತು, ಹೊಲಿದಿದ್ದೀನಿ. ಕಾಲರು ಮಾಸಿದೆ, ಸುಳ್ಳು ಹೇಳಲ್ಲ. ಆರಾಮಾಗಿ ನೋಡಿ, ಅವಸರ ಇಲ್ಲ. ಬೇಡ ಅಂದ್ರೂ ಬೇಜಾರಿಲ್ಲ."

ಎಷ್ಟು ಹೊತ್ತು ಹಾಗೆ ಮಾತಾಡಿದಳೋ. ನೆರಳು ಒಂದು ಮೆಟ್ಟಿಲು ದಾಟಿ ಇನ್ನೊಂದಕ್ಕೆ ಬಂತು. ಆಮೇಲೆ ಟಕ್ ಎಂದಿತು. ಡಬ್ಬಿ ಕಲ್ಲಿಗೆ ತಾಗಿದ ಸದ್ದು.

"ಇಳೀತಾ ಇದೆ," ಎಂದೆ, ತುಟಿ ಮಾತ್ರ ಆಡಿಸಿ.

ಟಕ್. ಇನ್ನೊಂದು ಮೆಟ್ಟಿಲು. ನಿಂತಿತು. ನಾದಿನಿ ಸ್ವೆಟರು ಒದರಿದಳು. ಟಕ್. ಕೋಟಿನ ಅಂಚಿಗೆ ಬಂತು, ಮುಂಗಾಲಿಟ್ಟು ನೋಡಿತು, ನಾಲ್ಕೂ ಕಾಲು ಮಡಚಿ ಅದರ ಮೇಲೆ ಕುಸಿಯಿತು. ಡಬ್ಬಿಯ ಭಾರ ತಾಳಲಾರದೆ ತಲೆಯನ್ನು ನಾದಿನಿಯ ಬೆನ್ನಿಗೆ ಆನಿಸಿತು. ಬೆನ್ನಿಗೆ ತಣ್ಣಗೆ ತಾಗಿದ ಕೂಡಲೇ ಅವಳು ಕಣ್ಣು ಮುಚ್ಚಿಕೊಂಡಳು. ಕಣ್ಣಂಚಿನಿಂದ ನೀರಿಳಿಯಿತು. ಅಣ್ಣ ಹೋದಾಗಲೂ ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಗೋಡೆಯ ಕಡೆ ತಿರುಗಿ ಕೂತಿದ್ದಳಲ್ಲ.

"ನಾನು ಬರ್ಲಾ?" ಎಂದಳು ಡಾಕ್ಟರಮ್ಮ ಪಿಸುದನಿಯಲ್ಲಿ.

"ಬನ್ನಿ ಡಾಕ್ಟರಮ್ಮ. ಆದ್ರೆ ಅದರ ಕಡೆ ನೋಡ್ಕೊಂಡು ಬರ್ಬೇಡಿ."

ಡಾಕ್ಟರಮ್ಮ ನಾಯಿಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತು, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದುಹಿಂದಕ್ಕೆ, ಕೂತಲ್ಲಿಂದಲೇ ಒಂದೊಂದು ಮೆಟ್ಟಿಲು ಏರತೊಡಗಿದಳು. ಡ್ರೈವರು ನಗು ತಡೆಯಲಾರದೆ ಬಲೆಯಲ್ಲಿ ಮುಖ ಮುಚ್ಚಿಕೊಂಡ.

"ಹೊಸ ಪ್ಯಾಂಟು," ಎಂದಳು ಅವಳು ನಮಗೆ ಮಾತ್ರ ಕೇಳುವಂತೆ. "ನಮ್ಮಮ್ಮ ಬೈತಾರೆ."

"ಹರಿದ್ರೆ ನನ್ನ ಹತ್ರ ಬನ್ನಿ, ನಿಮ್ಮ ಅಳತೇದಿದೆ," ಎಂದಳು ನಾದಿನಿ, ಕಣ್ಣೀರು ಒರೆಸಿಕೊಳ್ಳದೆಯೇ.

ಪಕ್ಕ ಸೇರಿದ ಮೇಲೆ ಡಾಕ್ಟರಮ್ಮ ಕೋಟಿನ ಎರಡು ತೋಳನ್ನೂ ಮೆಲ್ಲಗೆ ನಾಯಿಯ ಮೈಮೇಲೆ ತಂದು ತಬ್ಬಿ ಹಿಡಿದಳು. ಎಷ್ಟು ಸಲೀಸಾದ ಕೈ ಅಂತೀರಿ! ಮೊದಲು ಡಬ್ಬಿಯ ತಳ ಕತ್ತರಿಸಿದಳು. ನಾಯಿ ಎಳೆದ ಉಸಿರು ಕೆಳಗಿದ್ದ ನನಗೆ ಕೇಳಿಸಿತು. ಡಬ್ಬಿಯ ಬಾಯಿ ಮಾತ್ರ ಕಿವಿಯ ಹಿಂದೆ ಬಿಗಿದಿತ್ತು. ಅಲ್ಲಿ ಕತ್ತರಿ ಆಡಿಸಿದರೆ ಚರ್ಮಕ್ಕೆ ತಾಗುತ್ತಿತ್ತು. "ನಾನು ಹಿಡ್ಕೋತೀನಿ, ನೀವು ಬಿಡಿಸ್ತೀರಾ?" ಎಂದಳು ನಾದಿನಿಗೆ.

ಆಗ ನಾದಿನಿ ತಿರುಗಿದಳು. ಮಕ್ಕಳ ತಲೆಯಿಂದ ಬಿಗಿ ಕುತ್ತಿಗೆಯ ಸ್ವೆಟರು ತೆಗೆಯುವಾಗ ಮಾಡುವ ಹಾಗೆ, ಮಡಚಿದ ಕಿವಿಯನ್ನು ಬೆರಳಿನಿಂದ ಚಪ್ಪಟೆ ಒತ್ತಿ ಮೊದಲು ಅದನ್ನು ಹೊರಗೆ ತಂದಳು. ಆಮೇಲೆ ಇನ್ನೊಂದು. ಡಬ್ಬಿ ಕೈಗೆ ಬಂತು.

ಇಷ್ಟು ವಾರಗಳಲ್ಲಿ ಅವಳೂ ಅಳಿಯನೂ ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ಡಾಕ್ಟರಮ್ಮ ಹಿಡಿತ ಸಡಿಲಿಸಿದಳು. ನಾಯಿ ಓಡಲಿಲ್ಲ. ಡ್ರೈವರು ತಂದ ಬೋಗುಣಿಯ ನೀರನ್ನು ತಲೆ ಎತ್ತದೆ ಕುಡಿಯಿತು, ಕುಡಿದು ಅದೇ ಒದ್ದೆ ಮೂತಿಯನ್ನು ನಾದಿನಿಯ ಸೆರಗಿಗೆ ಒರೆಸಿತು. "ನನ್ನ ಸೆರಗೇ ಬೇಕಿತ್ತೇನೋ ಅಳಿಯ?" ಎಂದಳು ಅವಳು.

ಡಾಕ್ಟರಮ್ಮ ಗಾಯ ನೋಡಲು ಅದನ್ನು ಮಗ್ಗುಲಿಗೆ ಹೊರಳಿಸಿದವಳು ಗೊಳ್ಳನೆ ನಕ್ಕಳು. "ಅಮ್ಮ, ನಿಮ್ಮ ಅಳಿಯ ಹೆಣ್ಣು!"

"ಹೆಸರಿಟ್ಟಾಯ್ತಲ್ಲ, ಇನ್ನು ಅಳಿಯಾನೇ," ಎಂದಳು ನಾದಿನಿ.

ಔಷಧಿಗೆಂದು ವ್ಯಾನಿನಲ್ಲಿ ಹೋದ ನಾಯಿ ಕೆಲವು ವಾರ ಬಿಟ್ಟು ಒಂದು ಗುರುವಾರ ಅದೇ ವ್ಯಾನಿನಲ್ಲಿ ಬಂತು. "ಎಲ್ಲಿ ಬಿಡ್ಲಿ ಅಮ್ಮ? ಕೋಟೇಲಾ, ಇಲ್ಲೇನಾ?" ಎಂದು ಡಾಕ್ಟರಮ್ಮ ಕೇಳಿದರೆ, ನಾದಿನಿ "ಬಾಗಿಲು ತೆಗೀರಿ, ಅದೇ ಹೇಳುತ್ತೆ" ಎಂದು ಗೋಡೆಯ ಕಡೆ ತಿರುಗಿ ಕೂತಳು. ಸಂತೆಗೆ ಸಂತೆಯೇ ಉಸಿರು ಹಿಡಿದು ನೋಡಿತು. ಪಾತ್ರೆಯವಳ ಬಾಯಿ ಕೂಡ ಮುಚ್ಚಿತ್ತು. ಅದೊಂದು ದಾಖಲೆ.

ನಾಯಿ ಇಳಿಯಿತು, ಕೋಟೆಯ ಕಡೆ ಒಮ್ಮೆ ನೋಡಿತು, ಜಮಖಾನೆ ದಾಟಿ ಬಂದು ಅವಳ ಮಗ್ಗುಲಲ್ಲಿ ಕೂತಿತು. ತಾನೂ ಗೋಡೆಯ ಕಡೆ ಮುಖ ಮಾಡಿ.

ಹಿಂದೆಲ್ಲ ನೆಂಟರ ಮನೆಗೆ ಹೋದರೆ, ನಾದಿನಿ ಏನು ಮಾಡುತ್ತಾಳೆ ಎಂದು ಕೇಳಿದವರಿಗೆ ನಮ್ಮ ಕಡೆಯವರು "ಬಟ್ಟೆ ವ್ಯಾಪಾರ" ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಈಗ ಆ ಪ್ರಶ್ನೆಗೆ ಉತ್ತರ ಕೊಡುವವಳು ನಾನು. "ಹಳೇ ಬಟ್ಟೆ ಮಾರುತ್ತಾಳೆ" ಅನ್ನುತ್ತೇನೆ, ‘ಹಳೇ’ ಎಂಬುದನ್ನು ಗಟ್ಟಿಯಾಗಿ ಹೇಳಿ. "ಗುರುವಾರ ಕೋಟೆ ಸಂತೆಗೆ ಬನ್ನಿ. ಹುಡುಕೋದೇನೂ ಬೇಡ. ಗೋಡೆ ಪಕ್ಕ ಎರಡು ಬೆನ್ನು ಕಾಣಿಸುತ್ತವೆ, ಒಂದಕ್ಕೆ ಬಾಲ ಇದೆ. ಅದೇ ನಮ್ಮ ಅಂಗಡಿ."