ಜರಿಪಂಚೆ ಉಟ್ಟು ಸಾಲ ತೀರಿಸಿದ್ದು

ಕಡೂರಿನಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ಸು. ಜನ ಲಗ್ನಪತ್ರಿಕೆಯನ್ನು ಮೊಬೈಲಿನಲ್ಲೇ ಹಂಚಿ, ದೇವರ ಮುಂದಿಡಲು ಮತ್ತು ಹತ್ತಿರದವರಿಗೆ ಕೊಡಲು ಮಾತ್ರ ಐವತ್ತು ಪ್ರತಿ ಹಾಕಿಸುವ ಕಾಲ ಬಂದಾಗ, ತರೀಕೆರೆಯ ಕಾಗದದ ವ್ಯಾಪಾರಿಗೆ ನಾನು ಕೊಡಬೇಕಾದದ್ದು ನಾಲ್ಕು ಲಕ್ಷ ಮುಟ್ಟಿತ್ತು. ಅದಕ್ಕೆ ಒತ್ತೆಯಾಗಿ ಆಫ್‌ಸೆಟ್ ಮಷೀನನ್ನು ಬರೆದುಕೊಟ್ಟಿದ್ದೆ. ಅದು ಹೋದರೆ ನನಗೆ ಉಳಿಯುವುದು ಬಾಗಿಲ ಮೇಲಿನ ಬೋರ್ಡು. ಆತ ವಕೀಲರಿಂದ ನೋಟಿಸು ಕೊಡಿಸಿದ. ನಾನೂ ಕೊಡಿಸಿದೆ. ಎರಡರಲ್ಲೂ ನಮ್ಮಿಬ್ಬರ ಹೆಸರಿನ ಹಿಂದೆ ಶ್ರೀ ಇತ್ತು. ಸೌಜನ್ಯ ಅಲ್ಲಿಗೇ ಮುಗಿಯಿತು.

ಕೊನೆಗೆ ಹೆಂಡತಿ ಬಳೆ ಮಾರಿದಳು. ಎರಡೂವರೆ ಲಕ್ಷ ಬಂತು. ಅಷ್ಟನ್ನೂ ಒಂದೇ ಸಲ ಕೊಡುತ್ತೇನೆ, ಉಳಿದದ್ದು ಬಿಟ್ಟು ಒತ್ತೆಪತ್ರ ವಾಪಸು ಮಾಡಿ ಎಂದು ಫೋನಿನಲ್ಲಿ ಕೇಳಿದೆ. ಬಂದು ಮಾತಾಡಿ ಎಂದು ಆತ ಫೋನ್ ಇಟ್ಟ.

ಮಾತುಕತೆಗೆ ಹೋಗುವವನು, ಅದು ಮದುವೆಯದಾಗಲಿ ಸಾಲದ್ದಾಗಲಿ, ಘನತೆಯಿಂದ ಹೋಗಬೇಕೆಂಬುದು ನಮ್ಮ ಮನೆತನದ ಶಾಸನ. ಹಳೇ ಅಂಗಿ ಹಾಕ್ಕೊಂಡು ಹೋಗಿ ಎಂಬ ಹೆಂಡತಿಯ ಸಲಹೆಯನ್ನು ಸಭೆ ಸರ್ವಾನುಮತದಿಂದ ತಿರಸ್ಕರಿಸಿತು, ಸಭೆಯಲ್ಲಿದ್ದವನು ನಾನೊಬ್ಬನೇ. ಅವಳ ತಮ್ಮ ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರಿ, ಅನುಕೂಲಸ್ಥ. ಅವನ ಜರಿಪಂಚೆ, ಶಲ್ಯ, ಫಳಫಳ ವಾಚು ತರಿಸಿಕೊಂಡೆ. ಅವನ ಕಾರಿನಲ್ಲೇ, ಅವನ ಜೊತೆಗೇ, ದುಡ್ಡಿನ ಚೀಲ ಹಿಡಿದು ತರೀಕೆರೆಯ ಅಂಗಡಿ ಮುಂದೆ ಇಳಿದೆ.

ವ್ಯಾಪಾರಿ ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಹಳೇ ಪೇಪರು ತೂಗುವವನಂತೆ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದ. ಕೂರಿ ಎನ್ನಲಿಲ್ಲ.

"ಬೀಗರ ಥರ ಬಂದಿದೀರಲ್ಲ ಸ್ವಾಮಿ. ಈ ವಾಚು ಕಟ್ಕೊಂಡು ಒಂದೂವರೆ ಲಕ್ಷ ಬಿಡಿ ಅಂತ ಕೇಳಕ್ಕೆ ನಾಚ್ಕೆ ಆಗಲ್ವಾ?"

ಮಾನವಂತರ ಉಡುಪಿನ ಬಗ್ಗೆ ನಾನೊಂದು ಸಣ್ಣ ಉಪನ್ಯಾಸ ಆರಂಭಿಸಿದೆ. ಆತ ಅದನ್ನು ಅರ್ಧಕ್ಕೇ ತಡೆದು, ಸೋಮವಾರ ಮಷೀನಿಗೆ ಲಾರಿ ಕಳಿಸುತ್ತೇನೆ ಎಂದ. ಲಾರಿ ಬಂದರೆ ಬಾಗಿಲಿಗೆ ಅಡ್ಡ ಮಲಗುತ್ತೇನೆ ಎಂದೆ.

"ಮಲಗ್ರಿ. ಪಂಚೆ ಕೊಳೆ ಆಗುತ್ತೆ ಅಷ್ಟೆ."

"ಪಂಚೆ ನಂದು ಕಣ್ರೀ," ಎಂದ ಅದುವರೆಗೂ ಮೊಬೈಲು ನೋಡುತ್ತಿದ್ದ ಭಾಮೈದ. "ಶಲ್ಯ, ವಾಚು, ಕಾರು ಎಲ್ಲಾ ನಂದೇ. ಭಾವಂದು ಅಂತ ಇರೋದು ಆ ಚೀಲದ ದುಡ್ಡೊಂದೇ. ಅದೂ ನಮ್ಮಕ್ಕನ ಬಳೆ ಮಾರಿದ್ದು."

ಹೇಳಿ ಸುಮ್ಮನಾಗಲಿಲ್ಲ; ವಾಚಿಗೆ ಕೈ ಚಾಚಿದ. ಬಿಚ್ಚಿಕೊಟ್ಟೆ. ಶಲ್ಯವನ್ನೂ ಕೊಟ್ಟೆ. ಪಂಚೆಯ ವಿಷಯದಲ್ಲಿ ಅವನು ಔದಾರ್ಯ ತೋರಿದ. ವ್ಯಾಪಾರಿ ನಕ್ಕ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಕ್ಕು ಮುಗಿಸಿ ದುಡ್ಡನ್ನು ಎರಡು ಸಲ ಎಣಿಸಿದ. ಒತ್ತೆಪತ್ರದ ಹಿಂದೆ ಲೆಕ್ಕ ಚುಕ್ತಾ ಎಂದು ಬರೆದು, ಸಹಿ ಹಾಕಿ, ನನಗಲ್ಲ, ಭಾಮೈದನ ಕೈಗೆ ಕೊಟ್ಟ. ಕಾಫಿಯನ್ನೂ ಅವನಿಗೆ ಮಾತ್ರ ತರಿಸಿದ.

ಮಷೀನು ಉಳಿಯಿತು. ನನಗೆ ಬೇಕಾದ ಕಾಗದ ಈ ಸುತ್ತಮುತ್ತ ಸಿಗುವುದು ಆ ವ್ಯಾಪಾರಿಯಲ್ಲಿ ಮಾತ್ರ. ತಿಂಗಳಿಗೊಮ್ಮೆ ಹಳೇ ಅಂಗಿಯಲ್ಲಿ ಹೋಗಿ, ನಗದು ಕೊಟ್ಟು ತರುತ್ತೇನೆ. ಅವನು ನನ್ನ ನೋಟುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ನಾನು ಅಲ್ಲೇ ನಿಂತು ರೀಮು ಬಿಚ್ಚಿ ಹಾಳೆ ಎಣಿಸುತ್ತೇನೆ, ಐನೂರನ್ನೂ. ಕೂರಿ ಎಂದು ಅವನು ಇವತ್ತಿಗೂ ಹೇಳಿಲ್ಲ. ಹೇಳಿದರೂ ನಾನು ಕೂರುವವನಲ್ಲ.